ಯಾರ ಜೊತೆ, ಎಷ್ಟು ದೊಡ್ಡ ಪರದೆಯಲ್ಲಿ, ಯಾವ ಚಿತ್ರ: ಈಚಿನ ಏಳು ಕನ್ನಡ ಚಿತ್ರಗಳ ಹೋಲಿಕೆ

ರಜೆಯ ದಿನಗಳು ಹತ್ತಿರವಾದಂತೆ ನನಗೆ ಬರುವ ಪತ್ರಗಳಲ್ಲಿ ಒಂದೇ ಬಗೆಯ ಪ್ರಶ್ನೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಊರಿನಿಂದ ಅಪ್ಪ ಅಮ್ಮ ಬಂದಿದ್ದಾರೆ, ಮಕ್ಕಳಿಗೆ ಶಾಲೆಯಿಲ್ಲ, ಮೂರು ನಾಲ್ಕು ದಿನ ಎಲ್ಲರೂ ಒಟ್ಟಿಗೆ ಇರುತ್ತೇವೆ. ಈಚಿನ ವರ್ಷಗಳಲ್ಲಿ ಹೆಸರು ಮಾಡಿದ ಕನ್ನಡ ಚಿತ್ರಗಳಲ್ಲಿ ಒಂದೆರಡನ್ನು ನೋಡುವಷ್ಟು ಬಿಡುವಿದೆ. ಯಾವುದನ್ನು ನೋಡುವುದೆಂದು ತೀರ್ಮಾನಿಸಲು ಆಗುತ್ತಿಲ್ಲ, ನೀವೇ ಹೇಳಿ ಎಂಬುದು ಅವುಗಳ ಸಾರ. ಇಂಥವರಿಗೆ ವಿಮರ್ಶೆಗಳಿಂದ ಹೆಚ್ಚಿನ ಉಪಯೋಗವಾಗುವುದಿಲ್ಲ ಎಂಬುದನ್ನು ವಿಮರ್ಶೆ ಬರೆಯುವ ನಾನೇ ಒಪ್ಪಿಕೊಳ್ಳಬೇಕು. ಐದಕ್ಕೆ ಮೂರೂವರೆ ನಕ್ಷತ್ರ ಎಂದು ಬರೆದಾಗ ಆ ಚಿತ್ರ ನನಗೆ ಹೇಗನ್ನಿಸಿತು ಎಂಬುದು ತಿಳಿಯುತ್ತದೆಯೇ ಹೊರತು, ಎಪ್ಪತ್ತೈದು ವರ್ಷದ ತಾಯಿಗೂ ಒಂಬತ್ತು ವರ್ಷದ ಮಗನಿಗೂ ನಡುವೆ ಕುಳಿತು ನೋಡುವವರಿಗೆ ಅದು ಹೇಗಿರುತ್ತದೆ ಎಂಬುದು ತಿಳಿಯುವುದಿಲ್ಲ.

ಆ ಕೊರತೆಯನ್ನು ತುಂಬಿಕೊಡುವ ಉದ್ದೇಶದಿಂದ 2022ರಿಂದ 2025ರವರೆಗೆ ತೆರೆಕಂಡ ಏಳು ಚಿತ್ರಗಳನ್ನು ಇಲ್ಲಿ ಅಕ್ಕಪಕ್ಕ ಇಟ್ಟು ನೋಡಿದ್ದೇನೆ: ‘ಕೆ.ಜಿ.ಎಫ್: ಚಾಪ್ಟರ್ 2’, ‘777 ಚಾರ್ಲಿ’, ‘ಕಾಂತಾರ’, ‘ಸಪ್ತ ಸಾಗರದಾಚೆ ಎಲ್ಲೋ’, ‘ಕಾಟೇರ’, ‘ಸು ಫ್ರಮ್ ಸೋ’ ಮತ್ತು ‘ಕಾಂತಾರ: ಚಾಪ್ಟರ್ 1’. ‘ಸಪ್ತ ಸಾಗರದಾಚೆ ಎಲ್ಲೋ’ದ ಎರಡು ಭಾಗಗಳನ್ನು ಒಂದೇ ಚಿತ್ರವಾಗಿ ಲೆಕ್ಕ ಹಿಡಿದಿದ್ದೇನೆ. ಏಳನ್ನೂ ಕನಿಷ್ಠ ಎರಡು ಸಲ ನೋಡಿದ್ದೇನೆ, ಒಮ್ಮೆ ಚಿತ್ರಮಂದಿರದಲ್ಲಿ, ಇನ್ನೊಮ್ಮೆ ಮನೆಯಲ್ಲಿ. ಮುಂದೆ ಬರುವ ತೀರ್ಮಾನಗಳಲ್ಲಿ ಹೆಚ್ಚಿನವು ಆ ಎರಡು ನೋಟಗಳ ನಡುವೆ ಕಂಡ ವ್ಯತ್ಯಾಸದಿಂದ ಹುಟ್ಟಿದವು.

ಮೊದಲು ಅಳತೆಗೋಲು

ಮೊದಲನೆಯದಾಗಿ ಕೇಳಿಕೊಳ್ಳಬೇಕಾದದ್ದು, ಪಕ್ಕದಲ್ಲಿ ಯಾರು ಕುಳಿತಿರುತ್ತಾರೆ ಎಂಬುದನ್ನು. ಇದಕ್ಕೆ ಸೆನ್ಸಾರ್ ಪ್ರಮಾಣಪತ್ರವನ್ನು ನಂಬಿಕೊಂಡರೆ ಸಾಲದು. 2024ರಲ್ಲಿ ಹೊಸ ನಿಯಮಗಳು ಬಂದ ಮೇಲೆ ‘ಯುಎ’ ದರ್ಜೆಯನ್ನು ಏಳು, ಹದಿಮೂರು, ಹದಿನಾರು ವರ್ಷ ಮೇಲ್ಪಟ್ಟವರು ಎಂದು ವಿಂಗಡಿಸುತ್ತಿದ್ದಾರೆ. ಅದಕ್ಕೂ ಹಿಂದಿನ ಚಿತ್ರಗಳಿಗೆ ಆ ವಿಂಗಡಣೆ ಇಲ್ಲ. ನಾಯಿಯ ಕಥೆ ಹೇಳುವ ‘777 ಚಾರ್ಲಿ’ಗೂ ಗುಂಡಿನ ಮಳೆ ಸುರಿಯುವ ‘ಕೆ.ಜಿ.ಎಫ್’ಗೂ ಸಿಕ್ಕಿರುವುದು ಒಂದೇ ‘ಯು/ಎ’. ಹಾಗಾಗಿ ಹಿಂಸೆ ಎಷ್ಟಿದೆ ಎಂಬುದರ ಜೊತೆಗೆ ಅದು ಯಾವ ಬಗೆಯದು, ಮಗುವಿನ ಮನಸ್ಸಿನಲ್ಲಿ ಎಷ್ಟು ದಿನ ಉಳಿಯುವಂಥದ್ದು ಎಂಬುದನ್ನು ನಾವೇ ತೂಗಬೇಕಾಗುತ್ತದೆ.

ಎರಡನೆಯದು ಪರದೆ ಮತ್ತು ಧ್ವನಿ. ಕೆಲವು ಚಿತ್ರಗಳು ಟಿ.ವಿ.ಯಲ್ಲಿ ನೋಡಿದರೂ ಏನನ್ನೂ ಕಳೆದುಕೊಳ್ಳುವುದಿಲ್ಲ, ಇನ್ನು ಕೆಲವು ಅರ್ಧಕ್ಕರ್ಧ ಕಳೆದುಕೊಳ್ಳುತ್ತವೆ. ಮೂರನೆಯದು ಹೊತ್ತು: ಚಿತ್ರದ ಉದ್ದವೊಂದೇ ಅಲ್ಲದೆ, ನಡುವೆ ಊಟಕ್ಕೋ ಫೋನಿಗೋ ಎದ್ದುಹೋದರೆ ಕಥೆಯ ಎಳೆ ತಪ್ಪುತ್ತದೆಯೇ ಎಂಬುದೂ ಇದರಲ್ಲಿ ಸೇರಿದೆ. ನಾಲ್ಕನೆಯದು ಖರ್ಚು. ನಾಲ್ವರ ಕುಟುಂಬವೊಂದು ವಾರಾಂತ್ಯದಲ್ಲಿ ಬೆಂಗಳೂರಿನ ಮಲ್ಟಿಪ್ಲೆಕ್ಸಿಗೆ ಹೋದರೆ ಟಿಕೆಟ್, ತಿಂಡಿ, ಪಾರ್ಕಿಂಗ್ ಎಲ್ಲ ಸೇರಿ ಎರಡು ಸಾವಿರ ರೂಪಾಯಿ ದಾಟುವುದು ಈಗ ಮಾಮೂಲಾಗಿದೆ. ಟಿಕೆಟ್ ದರಕ್ಕೆ 200 ರೂಪಾಯಿಯ ಮಿತಿ ಹಾಕಿ ರಾಜ್ಯ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ನಿಯಮಕ್ಕೆ ಅದೇ ತಿಂಗಳಲ್ಲಿ ಹೈಕೋರ್ಟ್ ತಡೆ ನೀಡಿತು. ಆ ಹಣ ಯಾವ ಚಿತ್ರಕ್ಕೆ ಸಲ್ಲಬೇಕು, ಯಾವುದನ್ನು ಒಂದು ತಿಂಗಳ ಒಟಿಟಿ ಚಂದಾದಲ್ಲೋ ಟಿ.ವಿ. ಪ್ರಸಾರದಲ್ಲೋ ನೋಡಿಕೊಂಡರೆ ಸಾಕು ಎಂಬುದು ಮಧ್ಯಮ ವರ್ಗದ ಮನೆಗಳಲ್ಲಿ ಸಣ್ಣ ಪ್ರಶ್ನೆಯಲ್ಲ.

ಐದನೆಯದು ನನ್ನದೇ ಆದ ಅಳತೆ. ಕಥೆ ಮೊದಲೇ ಗೊತ್ತಿದ್ದು ಎರಡನೆಯ ಸಲ ನೋಡುವಾಗಲೂ ಚಿತ್ರ ನಮ್ಮನ್ನು ಹಿಡಿದು ಕೂರಿಸುತ್ತದೆಯೇ? ಈ ಏಳರಲ್ಲಿ ಕೆಲವದರ ಕಥೆ ಇಷ್ಟರಲ್ಲಿ ಎಲ್ಲರ ಕಿವಿಗೂ ಬಿದ್ದಿರುವುದರಿಂದ ಈ ಅಳತೆಗೆ ನಾನು ಹೆಚ್ಚಿನ ತೂಕ ಕೊಡುತ್ತೇನೆ.

ಎರಡು ‘ಕಾಂತಾರ’ಗಳ ನಡುವೆ

ಅತಿ ಹೆಚ್ಚು ಮಂದಿ ಕೇಳುವುದು ಇವೆರಡರ ಬಗ್ಗೆ. ರಿಷಬ್ ಶೆಟ್ಟಿ ಬರೆದು, ನಿರ್ದೇಶಿಸಿ, ನಟಿಸಿದ ಮೊದಲ ‘ಕಾಂತಾರ’ 2022ರ ಸೆಪ್ಟೆಂಬರ್ 30ರಂದು ಕನ್ನಡದಲ್ಲಿ ಮಾತ್ರ ಬಿಡುಗಡೆಯಾಯಿತು. ಜನ ಮುಗಿಬಿದ್ದದ್ದನ್ನು ಕಂಡ ಮೇಲೆ, ಎರಡು ವಾರ ಕಳೆದು, ಬೇರೆ ಭಾಷೆಗಳಿಗೆ ಹೋಯಿತು. ಕುಂದಾಪುರದ ಕಡೆಯ ಕನ್ನಡವನ್ನು ಯಾರಿಗೂ ಅನುವಾದಿಸಿಕೊಡದೆ ಆಡಿದ ಚಿತ್ರ ಅದು. 1847ರಲ್ಲಿ ಅರಸನೊಬ್ಬ ದೈವದ ಮಾತಿಗೆ ಕಟ್ಟುಬಿದ್ದು ಊರವರಿಗೆ ಬಿಟ್ಟುಕೊಟ್ಟ ಭೂಮಿ, 1970ರಲ್ಲಿ ಅದನ್ನು ಹಿಂದಕ್ಕೆ ಕೇಳಲು ಬರುವ ವಂಶಸ್ಥ, 1990ರಲ್ಲಿ ಅದೇ ನೆಲದ ಮೇಲೆ ಅರಣ್ಯ ಇಲಾಖೆ ಎಳೆಯುವ ಗಡಿ, ಹೀಗೆ ಮೂರು ಕಾಲಗಳ ಒಡೆತನದ ಪ್ರಶ್ನೆಯನ್ನು ಕಂಬಳ, ದೈವಗಳ ಕೋಲ, ಕೋಳಿ, ಕಳ್ಳುಗಳ ನಡುವೆ ಬದುಕುವ ಶಿವ ಎಂಬ ಒರಟನ ಮೂಲಕ ಹೇಳುತ್ತದೆ.

ಇದರ ಕೊನೆಯ ಇಪ್ಪತ್ತು ನಿಮಿಷಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ. ನಾನು ಗಮನ ಸೆಳೆಯಬಯಸುವುದು ಆ ಇಪ್ಪತ್ತು ನಿಮಿಷಗಳ ಕೊನೆಯ ಭಾಗದತ್ತ. ಗುಳಿಗ ಎಂಬ ಉಗ್ರ ದೈವ ಮೈದುಂಬಿ ನಡೆಸಿದ ಸಂಹಾರ ಮುಗಿದಿರುತ್ತದೆ, ಕೂಗು ನಿಂತಿರುತ್ತದೆ. ಶಿವ ಸುತ್ತ ನಿಂತ ಊರವರನ್ನೂ, ಅಲ್ಲಿಯವರೆಗೆ ಊರಿನ ಎದುರಾಳಿಯಾಗಿದ್ದ ಅರಣ್ಯಾಧಿಕಾರಿ ಮುರಳಿಯನ್ನೂ ಕೈಸನ್ನೆಯಿಂದ ಹತ್ತಿರಕ್ಕೆ ಕರೆಯುತ್ತಾನೆ. ಎಲ್ಲರ ಕೈಗಳನ್ನೂ ಒಟ್ಟುಗೂಡಿಸಿ ತನ್ನ ಎದೆಗೆ ಒತ್ತಿಕೊಳ್ಳುತ್ತಾನೆ. ಒಂದು ಮಾತೂ ಇಲ್ಲ. ಸಾಮಾನ್ಯ ಜನಪ್ರಿಯ ಚಿತ್ರವಾಗಿದ್ದರೆ ಇಲ್ಲಿ ನಾಯಕ ಒಂದು ಪುಟದಷ್ಟು ಸಂಭಾಷಣೆ ಹೇಳುತ್ತಿದ್ದ. ಇದನ್ನು ಜನ ತುಂಬಿದ ಚಿತ್ರಮಂದಿರದಲ್ಲಿ ನೋಡಿದಾಗ ನನ್ನ ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಕಾಲಿನ ಚಪ್ಪಲಿಯನ್ನು ಮೆಲ್ಲನೆ ಬಿಟ್ಟು, ಕೈಮುಗಿದು ಕುಳಿತಿದ್ದರು. ಮತ್ತೆ ಅದನ್ನೇ ಮನೆಯಲ್ಲಿ, ಸಾಧಾರಣ ಸ್ಪೀಕರಿನಲ್ಲಿ ನೋಡಿದಾಗ ಗುಳಿಗನ ಕೂಗಿನ ಬಲ ಕುಗ್ಗಿತ್ತು, ನಿಜ. ಆದರೆ ಆ ಮೌನದ ಬಲ ಹಾಗೆಯೇ ಇತ್ತು. ಅದಕ್ಕಾಗಿ ಈ ಚಿತ್ರವನ್ನು ಮನೆಯಲ್ಲಿ ನೋಡಲು ಹಿಂಜರಿಯಬೇಕಿಲ್ಲ ಎನ್ನುತ್ತೇನೆ. ದೀಪಗಳನ್ನು ಆರಿಸಿ, ಸಿಕ್ಕ ಒಳ್ಳೆಯ ಸ್ಪೀಕರ್ ಜೋಡಿಸಿ ನೋಡಿದರೆ ಸಾಕು. ಮೊಬೈಲಿನಲ್ಲಿ ಮಾತ್ರ ಬೇಡ.

ಚಿತ್ರಕ್ಕೆ ಕುಂದುಗಳಿಲ್ಲವೆಂದಲ್ಲ. ಮೊದಲರ್ಧದಲ್ಲಿ ಶಿವ ನಾಯಕಿ ಲೀಲಾಳ ಸೊಂಟ ಚಿವುಟುವುದನ್ನು ಸರಸವೆಂದು ತೋರಿಸಿರುವುದು ತಪ್ಪು, ಹದಿಹರೆಯದ ಮಕ್ಕಳೊಂದಿಗೆ ನೋಡುವವರು ಅದರ ಬಗ್ಗೆ ಮಾತಾಡಲು ಸಿದ್ಧರಿರಬೇಕು. ಅದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಲೀಲಾಳ ಪಾತ್ರವನ್ನು ಅರ್ಧಕ್ಕೆ ಬಿಟ್ಟಿರುವುದು. ತನ್ನ ಊರಿನ ಸುತ್ತಲೇ ಬೇಲಿ ಹಾಕಲು ನಿಂತ ಅರಣ್ಯ ಇಲಾಖೆಯಲ್ಲಿ ಆಕೆ ಗಾರ್ಡ್ ಆಗಿದ್ದಾಳೆ. ಇಡೀ ಕಥೆಯ ಬಿಕ್ಕಟ್ಟು ಒಬ್ಬಳಲ್ಲೇ ಕೂಡಿದೆ, ಆದರೂ ಚಿತ್ರ ಅವಳತ್ತ ಸ್ವಲ್ಪ ಹೊತ್ತು ನೋಡಿ ಮುಂದೆ ಹೋಗಿಬಿಡುತ್ತದೆ. ಹೀಗಿದ್ದೂ ರಿಷಬ್ ಶೆಟ್ಟಿ ಅವರಿಗೆ ಈ ಪಾತ್ರಕ್ಕಾಗಿ ದೊರೆತ ರಾಷ್ಟ್ರಪ್ರಶಸ್ತಿಯ ಬಗ್ಗೆ ನನಗೆ ಯಾವ ತಕರಾರೂ ಇಲ್ಲ.

2025ರ ಅಕ್ಟೋಬರ್ 2ರಂದು ಬಂದ ‘ಕಾಂತಾರ: ಚಾಪ್ಟರ್ 1’ ಕದಂಬರ ಕಾಲಕ್ಕೆ ಹಿಂದೆ ಸರಿದು ಆ ದೈವಗಳ ಪೂರ್ವಕಥೆಯನ್ನು ಹೇಳುತ್ತದೆ. ಇದರ ಬಲವೆಲ್ಲ ಅಗಾಧತೆಯಲ್ಲಿದೆ. ಬಂಗ್ರ ರಾಜ್ಯದ ಪೇಟೆಬೀದಿಯಲ್ಲಿ ಹತೋಟಿ ತಪ್ಪಿದ ರಥ ನುಗ್ಗಿಬರುವ ದೃಶ್ಯವನ್ನು ಅರವಿಂದ್ ಎಸ್. ಕಶ್ಯಪ್ ಚಿತ್ರೀಕರಿಸಿರುವ ರೀತಿಗೆ ಕನ್ನಡ ಚಿತ್ರರಂಗ ಹೆಮ್ಮೆಪಡಬೇಕು. ರುಕ್ಮಿಣಿ ವಸಂತ್ ಅವರ ಕನಕವತಿಗೆ ಲೀಲಾಳಿಗೆ ಸಿಗದ ತಿರುವುಗಳು ಸಿಕ್ಕಿವೆ. ಆದರೆ ಎರಡೂಮುಕ್ಕಾಲು ಗಂಟೆಗಳಷ್ಟು ಉದ್ದದ ಈ ಚಿತ್ರದಲ್ಲಿ ಯುದ್ಧಗಳು ಒಂದರ ಮೇಲೊಂದು ಬಂದು ಮನಸ್ಸಿಗೆ ಉಸಿರಾಡಲು ಬಿಡುವುದಿಲ್ಲ, ಹಾಸ್ಯದ ತುಣುಕುಗಳು ಆ ಕಾಲಕ್ಕೆ ಹೊಂದುವುದಿಲ್ಲ, ಮತ್ತು ಮೊದಲ ಚಿತ್ರದಲ್ಲಿ ಶಿವನ ಓರಗೆಯವರು, ತಾಯಿ, ಊರ ಧಣಿ ಒಬ್ಬೊಬ್ಬರೂ ನೆನಪಿನಲ್ಲಿ ಉಳಿದಂತೆ ಇಲ್ಲಿ ಊರಿನ ಜನ ಉಳಿಯುವುದಿಲ್ಲ. ಮನೆಯ ಪರದೆಗೆ ಇಳಿದಾಗ ನಷ್ಟವಾಗುವುದು ಅಗಾಧತೆಯೇ ಆದ್ದರಿಂದ ಈ ಚಿತ್ರಕ್ಕೆ ಪೆಟ್ಟು ಹೆಚ್ಚು.

ಇವೆರಡರಲ್ಲಿ ಒಂದನ್ನೇ, ಅದೂ ಮನೆಯಲ್ಲಿ, ನೋಡುವುದಾದರೆ ಮೊದಲನೆಯದನ್ನೇ ನೋಡಬೇಕು. ದೊಡ್ಡ ಪರದೆಯ ಪ್ರೊಜೆಕ್ಟರ್ ಇರುವ ಗೆಳೆಯರ ಮನೆಯೋ, ಮರುಬಿಡುಗಡೆಯೋ ಸಿಕ್ಕರೆ ಎರಡನೆಯದಕ್ಕೆ ಹಣ ಮತ್ತು ಹೊತ್ತು ಎರಡನ್ನೂ ಧಾರಾಳವಾಗಿ ಕೊಡಬಹುದು. ಕಾಲಾನುಕ್ರಮದಲ್ಲಿ ನೋಡಬೇಕೆಂದು ಪೂರ್ವಕಥೆಯನ್ನೇ ಮೊದಲು ಹಾಕಿಕೊಳ್ಳುವವರಿದ್ದಾರೆ, ಅದನ್ನು ನಾನು ಒಪ್ಪುವುದಿಲ್ಲ. ದೈವ ಕಾಡಿನಲ್ಲಿ ಮಾಯವಾಗುವುದೆಂದರೇನು ಎಂಬುದನ್ನು ಶಿವನ ಅಪ್ಪನ ಮೂಲಕ ಒಮ್ಮೆ ಕಂಡವರಿಗೆ ಮಾತ್ರ ಪೂರ್ವಕಥೆಯ ಅರ್ಥ ತಟ್ಟುತ್ತದೆ. ಎಂಟು ಹತ್ತು ವರ್ಷದ ಮಕ್ಕಳಿಗೆ ಇವೆರಡೂ ಬೇಡ.

ಅಬ್ಬರ ಬೇಕು ಎನ್ನುವವರಿಗೆ

‘ಕೆ.ಜಿ.ಎಫ್: ಚಾಪ್ಟರ್ 2’ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. 2022ರ ಏಪ್ರಿಲ್ 14ರಂದು ತೆರೆಕಂಡ ಈ ಚಿತ್ರ ಕನ್ನಡಕ್ಕೆ ದೇಶದ ಮಾರುಕಟ್ಟೆಯ ಬಾಗಿಲು ತೆರೆಯಿತು, ಅದು ಚರಿತ್ರೆ. ನಾಯಕ ರಾಕಿ ಪೊಲೀಸ್ ಠಾಣೆಯನ್ನು ದೊಡ್ಡ ಮೆಷಿನ್ ಗನ್ನಿನಿಂದ ಉಡಾಯಿಸಿ, ಕೆಂಪಗೆ ಕಾದ ಅದರ ನಳಿಗೆಗೆ ಸಿಗರೇಟು ತಾಗಿಸಿ ಹೊತ್ತಿಸಿಕೊಳ್ಳುವ ದೃಶ್ಯದಲ್ಲಿ ನಿರ್ದೇಶಕ ಪ್ರಶಾಂತ್ ನೀಲ್ ಅವರ ಇಡೀ ಶೈಲಿ ಅಡಗಿದೆ. ರವಿ ಬಸ್ರೂರು ಅವರ ಸಂಗೀತ, ಆಗಿನ್ನೂ ಹತ್ತೊಂಬತ್ತರ ಹುಡುಗನಾಗಿದ್ದ ಉಜ್ವಲ್ ಕುಲಕರ್ಣಿ ಅವರ ಸಂಕಲನದ ಕತ್ತರಿ ಸೇರಿ ದೃಶ್ಯಗಳನ್ನು ಒಂದೇ ಓಟದಲ್ಲಿ ಓಡಿಸುತ್ತವೆ. ನಾಲ್ಕಾರು ಗೆಳೆಯರು ಕೂಡಿ, ಅಕ್ಕಪಕ್ಕದ ಮನೆಯವರ ನಿದ್ದೆ ಕೆಡದಂಥ ಜಾಗದಲ್ಲಿ ಧ್ವನಿ ಏರಿಸಿ ನೋಡಲು ಇದಕ್ಕಿಂತ ಬೇರೆ ಬೇಕಿಲ್ಲ. ಆದರೆ 2018ರ ಮೊದಲ ಭಾಗ ನೋಡದವರಿಗೆ ಇದು ಅರ್ಧ ಕಥೆ, ಎರಡನ್ನೂ ನೋಡಲು ಐದು ಗಂಟೆಗೂ ಹೆಚ್ಚು ಹೊತ್ತು ಬೇಕು. ಒಬ್ಬರೇ ಎರಡನೆಯ ಸಲ ನೋಡುವಾಗ ಮಾತುಗಳ ಹೊಳಪು ಮಾಸಿ, ನಾಯಕಿ ರೀನಾಳ ಪಾತ್ರದಲ್ಲಿ ಏನೂ ಇಲ್ಲವೆಂಬುದು ಎದ್ದು ಕಾಣುತ್ತದೆ.

ಅದೇ ಅಬ್ಬರವನ್ನು ನೆಲದ ಕಥೆಯೊಂದಿಗೆ ಬಯಸುವವರಿಗೆ ‘ಕಾಟೇರ’ ಇದೆ. 2023ರ ಡಿಸೆಂಬರ್ 29ರಂದು ಬಂದ ತರುಣ್ ಸುಧೀರ್ ನಿರ್ದೇಶನದ ಈ ಚಿತ್ರ ಎಪ್ಪತ್ತರ ದಶಕದಲ್ಲಿ ಗೇಣಿದಾರರು ಒಡೆಯರ ಎದುರು ನಿಂತ ಕಥೆಯನ್ನು ಮಚ್ಚು ಬಡಿಯುವ ಕುಲುಮೆಯವನೊಬ್ಬನ ಮೂಲಕ ಹೇಳುತ್ತದೆ. ದೇವರಾಜ ಅರಸು ಅವರ ಕಾಲದಲ್ಲಿ ತಿದ್ದುಪಡಿಯಾಗಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ಕಾನೂನು, ಉಳುವವನೇ ಹೊಲದೊಡೆಯ ಎಂಬ ಮಾತು, ಜಾತಿಯ ಕ್ರೌರ್ಯ ಇವನ್ನೆಲ್ಲ ಒಬ್ಬ ದೊಡ್ಡ ತಾರೆಯ ಚಿತ್ರ ನೇರವಾಗಿ ಎತ್ತಿಕೊಂಡಿರುವುದು ಅಪರೂಪ. ಮಾಸ್ತಿ ಅವರ ಸಂಭಾಷಣೆಯಲ್ಲಿ ಹಳೆಯ ಮೈಸೂರು ಕಡೆಯ ಹಳ್ಳಿಯ ಮಾತಿನ ಹದವಿದೆ. ಮೂರು ಗಂಟೆಯ ಉದ್ದ, ಹರಿಯುವ ರಕ್ತ, ನಾಯಕನನ್ನು ಮೆರೆಸಲೆಂದೇ ಬರುವ ಹೊಡೆದಾಟಗಳು ಇದರ ಭಾರಗಳು.

ಈ ಚಿತ್ರವನ್ನು ಎರಡನೆಯ ಸಲ ನಾನು ನೋಡಿದ್ದು ನಮ್ಮ ದೊಡ್ಡಪ್ಪನ ಜೊತೆ. ಅವರದು ತಾವು ಉಳುವ ನೆಲ ತಮಗೇ ಸೇರಬೇಕೆಂದು ಡಿಕ್ಲರೇಶನ್ ಅರ್ಜಿ ಹಾಕಿ, ಭೂನ್ಯಾಯಮಂಡಳಿಗೆ ಅಲೆದು ಜಮೀನು ಉಳಿಸಿಕೊಂಡ ಮನೆತನ. ಗೇಣಿಯ ಮಾತು ಬಂದ ಕಡೆ ಅವರು ರಿಮೋಟು ಕೇಳಿ ಇಸಿದುಕೊಂಡು ಚಿತ್ರವನ್ನು ನಿಲ್ಲಿಸಿದರು. ಒಡೆಯರ ಮನೆಯ ಕೊಳಗ ನಮ್ಮ ಮನೆಯ ಕೊಳಗಕ್ಕಿಂತ ಹೇಗೆ ದೊಡ್ಡದಿತ್ತು, ಭತ್ತವನ್ನು ರಾಶಿಯಾಗಿ ತುಂಬಿಸಿ ಅಳೆದರೆ ವರ್ಷದಲ್ಲಿ ಎಷ್ಟು ಹೆಚ್ಚು ಹೋಗುತ್ತಿತ್ತು ಎಂದು ಎರಡು ಕೈಗಳನ್ನು ಅಗಲಿಸಿ ತೋರಿಸಿದರು. ಆ ದಿನ ಚಿತ್ರ ಮುಗಿಯಲು ನಾಲ್ಕೂವರೆ ಗಂಟೆ ಹಿಡಿಯಿತು, ಅದರಲ್ಲಿ ಒಂದೂವರೆ ಗಂಟೆ ದೊಡ್ಡಪ್ಪನದು. ಮನೆಯಲ್ಲಿ ಅಂಥ ನೆನಪುಳ್ಳ ಹಿರಿಯರಿದ್ದರೆ, ಅವರಿಗೆ ಹೊಡೆದಾಟದ ದೃಶ್ಯಗಳನ್ನು ದಾಟಿಸಿಬಿಡುವ ಸ್ವಾತಂತ್ರ್ಯ ಕೊಟ್ಟು, ಮನೆಯಲ್ಲೇ ನಿಲ್ಲಿಸಿ ನಿಲ್ಲಿಸಿ ನೋಡುವುದಾದರೆ ‘ಕಾಟೇರ’ವನ್ನು ನಾನು ‘ಕೆ.ಜಿ.ಎಫ್’ಗಿಂತ ಮೇಲೆ ಇಡುತ್ತೇನೆ. ಜಾಹೀರಾತಿನ ಬಿಡುವುಗಳಿರುವ ಟಿ.ವಿ. ಪ್ರಸಾರದಲ್ಲಿ ನೋಡಿದರೂ ಇದಕ್ಕೆ ಧಕ್ಕೆಯಿಲ್ಲ, ಹಾಗಾಗಿ ಖರ್ಚಿನ ಲೆಕ್ಕದಲ್ಲೂ ಇದು ಹಗುರ.

ಮಕ್ಕಳು, ಅಜ್ಜಿ, ಎಲ್ಲರೂ ಇರುವ ಮನೆಗೆ

ಇಲ್ಲಿ ಸ್ಪರ್ಧೆ ಇರುವುದು ‘777 ಚಾರ್ಲಿ’ ಮತ್ತು ‘ಸು ಫ್ರಮ್ ಸೋ’ ನಡುವೆ, ಮತ್ತು ಇದು ಮೇಲ್ನೋಟಕ್ಕೆ ಕಾಣುವಷ್ಟು ಸುಲಭದ ಆಯ್ಕೆಯಲ್ಲ. ನಾಯಿ ಇರುವ ಚಿತ್ರ ಮಕ್ಕಳಿಗೆ, ದೆವ್ವ ಇರುವ ಚಿತ್ರ ದೊಡ್ಡವರಿಗೆ ಎಂದು ಹಂಚಿಬಿಡುವ ತಂದೆತಾಯಿಯರನ್ನು ಕಂಡಿದ್ದೇನೆ. ಅನುಭವದಲ್ಲಿ ಹಾಗಾಗುವುದಿಲ್ಲ.

ಕಿರಣ್‌ರಾಜ್ ಕೆ. ನಿರ್ದೇಶಿಸಿದ ‘777 ಚಾರ್ಲಿ’ 2022ರ ಜೂನ್ 10ರಂದು ಬಂತು. ಯಾರೊಂದಿಗೂ ಬೆರೆಯದೆ, ಇಡ್ಲಿ, ಬಿಯರು, ಸಿಗರೇಟು ಮತ್ತು ಚಾಪ್ಲಿನ್‌ನ ಹಳೆಯ ಚಿತ್ರಗಳಲ್ಲಿ ದಿನ ದೂಡುವ ಧರ್ಮನ ಮನೆಗೆ, ಕ್ರೂರಿಯೊಬ್ಬನ ಕೈಯಿಂದ ತಪ್ಪಿಸಿಕೊಂಡ ಲ್ಯಾಬ್ರಡಾರ್ ನಾಯಿಯೊಂದು ಬಂದು ಸೇರುತ್ತದೆ. ರಕ್ಷಿತ್ ಶೆಟ್ಟಿ ತಮ್ಮ ತಾರಾಬಲವನ್ನು ಬದಿಗಿಟ್ಟು ನಾಯಿಯೇ ಮುಖ್ಯ ಪಾತ್ರವಾಗಲು ಬಿಟ್ಟಿದ್ದಾರೆ. ನೆರೆಮನೆಯ ಹುಡುಗಿ ಅದ್ರಿಕಾ ಧರ್ಮನನ್ನು ಮಾತಿಗೆಳೆಯುವ ಮೊದಲರ್ಧ ಬಹಳ ಚೆನ್ನಾಗಿದೆ. ನಾಯಿಗೆ ಹಿಮ ತೋರಿಸಲೆಂದು ಉತ್ತರದತ್ತ ಹೊರಟ ಮೇಲೆ, ನಾಯಿಗಳ ಸ್ಪರ್ಧೆಯ ಪ್ರಸಂಗದಲ್ಲಿ, ಚಿತ್ರ ಸ್ವಲ್ಪ ಎಳೆದಂತಾಗುತ್ತದೆ. ಎರಡೂಮುಕ್ಕಾಲು ಗಂಟೆಯಲ್ಲಿ ಹದಿನೈದು ನಿಮಿಷ ಕಡಿಮೆಯಾಗಿದ್ದರೆ ನಷ್ಟವಿರಲಿಲ್ಲ. ಆದರೆ ಇದನ್ನು ಹಗುರ ಚಿತ್ರವೆಂದುಕೊಂಡು ಸಣ್ಣ ಮಕ್ಕಳ ಮುಂದೆ ಹಾಕಿ ಅಡುಗೆಮನೆಗೆ ಹೋಗಬೇಡಿ. ಕೊನೆಯ ಅರ್ಧ ಗಂಟೆ ಖಾಯಿಲೆ ಮತ್ತು ಅಗಲಿಕೆಯದು. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರೇ ಈ ಚಿತ್ರ ನೋಡಿ ಎಲ್ಲರೆದುರು ಕಣ್ಣೀರು ಹಾಕಿದ್ದರು. ಐದಾರು ವರ್ಷದ ಮಗು ತಾಯಿಯ ತೊಡೆಯ ಮೇಲೆ ಕೂತು ನೋಡಬೇಕಾದ ಭಾಗ ಅದು. ಸಾಕಿದ ನಾಯಿಯನ್ನು ಈಚೆಗೆ ಕಳೆದುಕೊಂಡ ಮನೆಯವರು ಇನ್ನೊಂದು ವರ್ಷ ಕಾಯುವುದು ಒಳ್ಳೆಯದು.

‘ಸು ಫ್ರಮ್ ಸೋ’ ದೊಡ್ಡ ತಾರೆಯರಿಲ್ಲದೆ, ಕಡಿಮೆ ಖರ್ಚಿನಲ್ಲಿ ತಯಾರಾಗಿ, 2025ರ ಜುಲೈ 25ರಂದು ತೆರೆಗೆ ಬಂದು ಬಾಯಿಂದ ಬಾಯಿಗೆ ಹರಡಿದ ಮಾತಿನಿಂದಲೇ ಊರೂರು ಗೆದ್ದ ಚಿತ್ರ. ಬರೆದು ನಿರ್ದೇಶಿಸಿದ ಜೆ.ಪಿ. ತುಮಿನಾಡು ತಾವೇ ಅಶೋಕನಾಗಿ ನಟಿಸಿದ್ದಾರೆ. ಇಣುಕಬಾರದ ಕಡೆ ಇಣುಕಿ ಸಿಕ್ಕಿಬಿದ್ದ ಅಶೋಕ, ಅವಮಾನದಿಂದ ಪಾರಾಗಲು ಸೋಮೇಶ್ವರದ ಸುಲೋಚನಾ ಎಂಬಾಕೆಯ ಪ್ರೇತ ತನ್ನ ಮೈಮೇಲೆ ಬಂದಂತೆ ನಟಿಸುತ್ತಾನೆ; ಊರಿಗೆ ಊರೇ ಅದನ್ನು ನಂಬಿಬಿಡುತ್ತದೆ. ಈ ಚಿತ್ರದಲ್ಲಿ ನಾನು ಮೆಚ್ಚುವುದು ಗುಂಪಿನ ದೃಶ್ಯಗಳ ಹೆಣಿಗೆಯನ್ನು. ಒಂದು ಅಂಗಳದಲ್ಲಿ ಹತ್ತು ಹದಿನೈದು ಜನ ನಿಂತಿರುತ್ತಾರೆ, ಒಬ್ಬರು ಮಾತಾಡುತ್ತಿರುವಾಗ ಹಿಂದೆ ನಿಂತವರಲ್ಲಿ ಯಾರೂ ಸುಮ್ಮನೆ ನಿಂತಿರುವುದಿಲ್ಲ, ಒಬ್ಬೊಬ್ಬರ ಮುಖದಲ್ಲೂ ಬೇರೆ ಬೇರೆ ಯೋಚನೆ ನಡೆದಿರುತ್ತದೆ. ಶನೀಲ್ ಗೌತಮ್ ಅವರ ರವಿಯಣ್ಣ ಪ್ರತಿ ಊರಿನಲ್ಲೂ ಇರುವ, ಎಲ್ಲದಕ್ಕೂ ಮುಂದೆ ನಿಲ್ಲುವ ಆ ಹಿರಿಯಣ್ಣ. ಎರಡನೆಯ ಸಲ ನೋಡುವಾಗ ನಾನು ಮುಂದಿನವರನ್ನು ಬಿಟ್ಟು ಹಿಂದೆ ನಿಂತವರನ್ನೇ ನೋಡಿ ಇನ್ನಷ್ಟು ನಕ್ಕೆ. ಎರಡನೆಯ ಅರ್ಧದಲ್ಲಿ ಸುಲೋಚನಾಳ ಮಗಳು ಭಾನು ಬಂದಾಗ ನಗು ತಾನಾಗಿ ಹಿಂದೆ ಸರಿದು, ಸತ್ತ ಹೆಂಗಸಿನ ಹೆಸರನ್ನು ಹಾಸ್ಯಕ್ಕೆ ಬಳಸಿಕೊಂಡ ಊರು ಬದುಕಿರುವ ಹೆಂಗಸಿಗೆ ಏನು ಕೊಡಬೇಕು ಎಂಬ ಪ್ರಶ್ನೆ ಎದುರಾಗುತ್ತದೆ. ಸಂಧ್ಯಾ ಅರಕೆರೆ ಆ ಪಾತ್ರವನ್ನು ಎಲ್ಲೂ ಗೋಳಾಟವಾಗಲು ಬಿಟ್ಟಿಲ್ಲ.

ಕುಡಿತದ ದೃಶ್ಯಗಳಿವೆ, ಕಥೆಯ ಮೂಲದಲ್ಲೇ ಇಣುಕಿದ ಪ್ರಸಂಗವಿದೆ, ಆದ್ದರಿಂದ ಹತ್ತು ಹನ್ನೊಂದು ವರ್ಷದ ಕೆಳಗಿನವರಿಗೆ ಕೆಲವು ಪ್ರಶ್ನೆಗಳು ಏಳಬಹುದು. ಕರಾವಳಿಯ ಕನ್ನಡ ಕಿವಿಗೆ ಹೊಸದಾದ ಉತ್ತರ ಕರ್ನಾಟಕದ ಹಿರಿಯರಿಗೆ ಮೊದಲ ಇಪ್ಪತ್ತು ನಿಮಿಷ ಮಾತು ಹಿಡಿಯುವುದು ಕಷ್ಟವಾಗುತ್ತದೆ, ಸಬ್‌ಟೈಟಲ್ ಹಾಕಿಕೊಳ್ಳುವುದರಲ್ಲಿ ಸಂಕೋಚ ಬೇಡ. ಪರದೆಯ ಗಾತ್ರ ಇದಕ್ಕೆ ಮುಖ್ಯವಲ್ಲ, ಕೂತವರ ಸಂಖ್ಯೆ ಮುಖ್ಯ. ಚಿತ್ರಮಂದಿರದಲ್ಲಿ ನಗು ಸಾಲಿನಿಂದ ಸಾಲಿಗೆ ದಾಟುತ್ತಿತ್ತು. ಮನೆಯಲ್ಲಿ ಒಬ್ಬನೇ ಕೂತಿದ್ದಾಗ ಅದರಲ್ಲಿ ಅರ್ಧ ನಗು ನನಗೆ ಬರಲಿಲ್ಲ. ಎಂಟು ಜನ ಸೇರುವ ಮನೆಗೆ, ಅದರಲ್ಲೂ ಯಾರಿಗೂ ಅಳುವ ಮನಸ್ಸಿಲ್ಲದ ಸಂಜೆಗೆ, ಏಳರಲ್ಲಿ ನನ್ನ ಮೊದಲ ಆಯ್ಕೆ ಇದೇ. ಜೊತೆಯಲ್ಲಿ ಸಣ್ಣ ಮಕ್ಕಳಿದ್ದು, ಅವರೊಂದಿಗೆ ಕೂತು ಕೊನೆಯವರೆಗೆ ಕೈಹಿಡಿದು ನೋಡುವ ತಾಳ್ಮೆ ಇದ್ದರೆ ‘ಚಾರ್ಲಿ’.

ಒಬ್ಬರೇ, ಅಥವಾ ಇಬ್ಬರೇ ಇದ್ದಾಗ

‘ಸಪ್ತ ಸಾಗರದಾಚೆ ಎಲ್ಲೋ’ವನ್ನು ಈ ಸಾಲಿನಲ್ಲಿ ಯಾವುದರ ಎದುರೂ ನಿಲ್ಲಿಸಲು ಆಗುವುದಿಲ್ಲ. ಗೋಪಾಲಕೃಷ್ಣ ಅಡಿಗರ ಕವಿತೆಯ ಸಾಲಿನಿಂದ ಹೆಸರು ಪಡೆದ, ಹೇಮಂತ್ ಎಂ. ರಾವ್ ನಿರ್ದೇಶನದ ಈ ಪ್ರೇಮಕಥೆಯ ‘ಸೈಡ್ ಎ’ 2023ರ ಸೆಪ್ಟೆಂಬರ್ 1ರಂದು, ‘ಸೈಡ್ ಬಿ’ ನವೆಂಬರ್ 17ರಂದು ತೆರೆಕಂಡವು. ಸ್ವಂತ ಮನೆ ಮಾಡಿಕೊಳ್ಳುವ ಆಸೆಗೆ ಬಿದ್ದು, ಧಣಿಯ ಕಡೆಯವರು ಮಾಡಿದ ಅಪಘಾತದ ತಪ್ಪನ್ನು ಹಣಕ್ಕಾಗಿ ತನ್ನ ಮೇಲೆ ಹಾಕಿಕೊಂಡು ಜೈಲಿಗೆ ಹೋಗುವ ಕಾರು ಚಾಲಕ ಮನು; ಹೊರಗೆ ಕಾಯುವ, ಹಾಡುವ ಪ್ರಿಯಾ. ಕಥೆ ಇಷ್ಟೇ. ಸಣ್ಣ ಸಂಬಳದವರು ಬೇಗ ಮನೆ ಮಾಡಿಕೊಳ್ಳಬೇಕೆಂಬ ಆಸೆಗೆ ತೆರುವ ಬೆಲೆಯನ್ನು ಇಷ್ಟು ಹತ್ತಿರದಿಂದ ತೋರಿಸಿದ ಜನಪ್ರಿಯ ಕನ್ನಡ ಚಿತ್ರ ಈಚೆಗೆ ಇನ್ನೊಂದಿಲ್ಲ. ಅದ್ವೈತ ಗುರುಮೂರ್ತಿ ಅವರ ಕ್ಯಾಮೆರಾ ಮೊದಲ ಭಾಗವನ್ನು ನೀಲಿಯಲ್ಲಿ, ಎರಡನೆಯದನ್ನು ಕೆಂಪಿನಲ್ಲಿ ಅದ್ದಿ ತೆಗೆದಿದೆ. ರುಕ್ಮಿಣಿ ವಸಂತ್ ಜೈಲಿನ ಭೇಟಿಗಳಿಗೆ ಬರುವಾಗ ಸಲದಿಂದ ಸಲಕ್ಕೆ ಮುಖದ ಬೆಳಕು ಎಷ್ಟೆಷ್ಟು ಇಳಿಯುತ್ತದೆ ಎಂಬುದನ್ನು ಗಮನಿಸಿ ನೋಡಬೇಕು.

ಇದರ ಗತಿ ನಿಧಾನ, ಮತ್ತು ಆ ನಿಧಾನ ಉದ್ದೇಶಪೂರ್ವಕವಾದದ್ದು. ಕಾಯುವುದನ್ನು ಕುರಿತ ಚಿತ್ರ ನೋಡುವವರನ್ನೂ ಕಾಯಿಸುತ್ತದೆ. ಜಾಹೀರಾತುಗಳ ನಡುವೆ, ಮಕ್ಕಳು ಓಡಾಡುವ ಹಾಲಿನಲ್ಲಿ, ಫೋನು ನೋಡುತ್ತ ಇದನ್ನು ನೋಡಿದರೆ ಬರೀ ಬೇಸರ ಉಳಿಯುತ್ತದೆ. ಹಾಗೆ ನೋಡಿ ನನ್ನ ಮೆಚ್ಚುಗೆಯನ್ನು ಪ್ರಶ್ನಿಸಿದ ಓದುಗರು ಅನೇಕರು. ಪರದೆ ಸಣ್ಣದಾದರೂ ನಡೆದೀತು, ಕತ್ತಲೆ ಮತ್ತು ಇಯರ್‌ಫೋನ್ ಬೇಕು, ಏಕೆಂದರೆ ಚರಣ್ ರಾಜ್ ಅವರ ಸಂಗೀತದ ಸೂಕ್ಷ್ಮಗಳು ಫ್ಯಾನಿನ ಸದ್ದಿನಲ್ಲಿ ಮುಳುಗಿಹೋಗುತ್ತವೆ. ‘ಸೈಡ್ ಬಿ’ಯಲ್ಲಿ ಮನು ಹೊರಬಂದ ಮೇಲೆ ಪ್ರಿಯಾಳ ಬದುಕನ್ನು ದೂರದಿಂದ ಹಿಂಬಾಲಿಸುವುದು ಪ್ರೀತಿಯೋ ಗೀಳೋ ಎಂಬ ಪ್ರಶ್ನೆ ಏಳುತ್ತದೆ, ಚಿತ್ರ ಅದಕ್ಕೆ ಸುಲಭದ ಉತ್ತರ ಕೊಡುವುದಿಲ್ಲ. ಚೈತ್ರಾ ಜೆ. ಆಚಾರ್ ಅವರ ಸುರಭಿಯನ್ನು ನಾನು ಪ್ರಿಯಾಳಷ್ಟೇ ನೆನಪಿಟ್ಟುಕೊಂಡಿದ್ದೇನೆ. ಆದರೆ ಈ ಭಾಗದ ಸೇಡಿನ ಎಳೆ ಮೊದಲ ಭಾಗದ ಸಂಯಮವನ್ನು ಮುರಿಯುತ್ತದೆ, ರಮೇಶ್ ಇಂದಿರಾ ಅವರ ಸೋಮ ಎಷ್ಟೇ ಭಯ ಹುಟ್ಟಿಸಿದರೂ. ಸಮಯ ಇರುವುದು ಒಂದೇ ಸಂಜೆಗಾದರೆ ‘ಸೈಡ್ ಎ’ ನೋಡಿ ನಿಲ್ಲಿಸಿದರೂ ಅದು ಪೂರ್ಣ ಅನುಭವವೇ. ಎರಡನ್ನೂ ನೋಡುವವರು ಒಂದೇ ಉಸಿರಿಗೆ ನೋಡದೆ ನಡುವೆ ಕನಿಷ್ಠ ಒಂದು ರಾತ್ರಿ ಬಿಡಬೇಕು. ಚಿತ್ರಮಂದಿರಕ್ಕೆ ಬಂದಾಗ ನಡುವೆ ಎರಡೂವರೆ ತಿಂಗಳಿತ್ತು, ಆ ಕಾಯುವಿಕೆ ನಮಗೆಲ್ಲ ಒಳ್ಳೆಯದನ್ನೇ ಮಾಡಿತು.

ಹೊರನಾಡಿನ ಮನೆಗಳು

ವಿದೇಶದಲ್ಲಿರುವ ಓದುಗರು ಕೇಳುವ ಪ್ರಶ್ನೆ ಸ್ವಲ್ಪ ಬೇರೆ. ಕನ್ನಡ ಅರ್ಥವಾಗುತ್ತದೆ ಆದರೆ ಆಡಲು ಬರುವುದಿಲ್ಲ ಎನ್ನುವ 12-13 ವರ್ಷದ ಮಕ್ಕಳಿಗೆ ಮೊದಲು ಯಾವುದನ್ನು ತೋರಿಸಲಿ ಎನ್ನುತ್ತಾರೆ. ಹೆಚ್ಚಿನವರು ‘ಕೆ.ಜಿ.ಎಫ್’ ಹಾಕಿಕೊಡುತ್ತಾರೆ, ಏಕೆಂದರೆ ಅದರ ಹೆಸರು ಆ ಮಕ್ಕಳ ಸಹಪಾಠಿಗಳಿಗೂ ಗೊತ್ತಿರುತ್ತದೆ. ಆದರೆ ಅದರ ಮಾತು ಘೋಷಣೆಯ ಮಾತು; ಮನೆಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ, ಮಕ್ಕಳ ನಾಲಿಗೆಗೆ ಅದರಿಂದ ಏನೂ ಹತ್ತುವುದಿಲ್ಲ. ನನ್ನ ಸಲಹೆ, ಮೊದಲು ‘777 ಚಾರ್ಲಿ’. ಅದರ ಬಹುಭಾಗ ಮಾತಿಲ್ಲದೆ ನಡೆಯುವುದರಿಂದ ಭಾಷೆ ಅಡ್ಡಿಯಾಗುವುದಿಲ್ಲ, ಧರ್ಮ ಮತ್ತು ಅದ್ರಿಕಾ ಆಡುವ ಮಾತುಗಳು ಮನೆಯ ಮಾತುಗಳು. ಅದು ಹಿಡಿಸಿದ ಮೇಲೆ, ಬೇಸಿಗೆಯಲ್ಲಿ ಊರಿನಿಂದ ಅಜ್ಜ ಅಜ್ಜಿ ಬಂದಿರುವಾಗ, ‘ಸು ಫ್ರಮ್ ಸೋ’ ಹಾಕಿ ಅವರ ಪಕ್ಕದಲ್ಲಿ ಮಕ್ಕಳನ್ನು ಕೂರಿಸಿ. ಅಜ್ಜಿ ಏಕೆ ನಕ್ಕರು ಎಂದು ಮಕ್ಕಳು ಕೇಳುತ್ತಾರೆ, ಅಜ್ಜಿ ಅದನ್ನು ಕನ್ನಡದಲ್ಲೇ ಹೇಳಬೇಕಾಗುತ್ತದೆ. ‘ಕಾಂತಾರ’ ಅವರಿಗೆ ಹದಿನೈದು ಹದಿನಾರು ತುಂಬುವವರೆಗೆ ಇರಲಿ. ಅಷ್ಟರಲ್ಲಿ ಒಮ್ಮೆ ಊರಿಗೆ ಕರೆತಂದು ಡಿಸೆಂಬರ್ ಕಳೆದ ಮೇಲೆ ಕರಾವಳಿಯ ಯಾವುದಾದರೊಂದು ಕೋಲ ತೋರಿಸಿಕೊಂಡು ಹೋಗುವುದಾದರೆ, ದೈವ ಕಾಲಿಗೆ ಕಟ್ಟುವ ಗಗ್ಗರದ ಸದ್ದು ಅವರಿಗೆ ಪರದೆಯಲ್ಲಿ ಬರುವ ಮೊದಲೇ ಪರಿಚಯವಾಗಿರುತ್ತದೆ.